ಯಾರೂ ಇಲ್ಲದ ಬಸುರು

ಫೆಬ್ರವರಿ 9, 2025, ಭಾನುವಾರ

ಇವತ್ತು ಒಣಮೀನಿನ ಬುಟ್ಟಿ ಹೊತ್ತು ಬಸ್ ಹತ್ತಲು ಬಂದ ಮುದುಕಿಗೆ "ಮುಂದಿನ ಬಸ್ಸಿಗೆ ಬಾ ಅಜ್ಜಿ" ಅಂದುಬಿಟ್ಟೆ. ನಾನು! ಮಾವಳ್ಳಿಯ ಮೀನುಗಾರರ ಮನೆ ಸೊಸೆ. ಒಣ ಶೆಟ್ಲಿ ಸೀಗಡಿಯ ವಾಸನೆ ಇಲ್ಲದಿದ್ದರೆ ಗಂಜಿ ಗಂಟಲಲ್ಲಿ ಇಳಿಯದವಳು. ಅಜ್ಜಿ ನನ್ನನ್ನು ನೋಡಿದ ರೀತಿ ನೋಡಿದರೆ ಹತ್ತು ಜನ್ಮಕ್ಕಾಗುವಷ್ಟು ಶಾಪ ಹಾಕಿರಬೇಕು.

ಡ್ರೈವರ್ ಮಾಸ್ತಣ್ಣ ಕನ್ನಡಿಯಲ್ಲಿ ನೋಡಿ, "ಎಂತ ಸುಚಿತಾ, ಮೀನು ಬಿಟ್ಯನೇ?" ಅಂದರು.

ಉತ್ತರ ಕೊಡುವಷ್ಟರಲ್ಲಿ ಹೊಟ್ಟೆ ತೊಳಸಿತು. ಧಾರೇಶ್ವರದ ಸ್ಟಾಪಿನಲ್ಲಿ ಇಳಿದು ಗೋಡೆ ಹಿಂದೆ ಹೋಗಿ ಕಕ್ಕಿ ಬಂದೆ. ಆಮೇಲೆ ಬಾಯಿ ಒರೆಸಿಕೊಂಡು "ರೈಟ್ ರೈಟ್". ಸರ್ಕಾರಿ ಬಸ್ಸು, ಕಂಡಕ್ಟರ್ ವಾಂತಿ ಮಾಡಿದಳೆಂದು ನಿಲ್ಲುವುದಿಲ್ಲ.

ಎರಡು ತಿಂಗಳಿಂದ ಮುಟ್ಟೂ ಇಲ್ಲ. ನಲವತ್ಮೂರಕ್ಕೆ ನಿಂತೇಹೋಯಿತು ಅಂತ ಕಾಣುತ್ತದೆ. ನಿಲ್ಲಲಿ! ಭಟ್ಕಳ–ಕುಮಟಾ ರೂಟಿನಲ್ಲಿ ಆ ಮೂರು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಸಂಜೆ ಬರುವಾಗ ಖುಷಿಗೆ ಒಂದು ಪೊಟ್ಟಣ ಜಿಲೇಬಿ ತಂದೆ. ಅತ್ತೆ, "ಎಂತಕ್ಕೆ ಜಿಲೇಬಿ?" ಅಂದರು. ಸುಮ್ಮನೆ ಅಂದೆ.

ಮಗಳು ಧನ್ಯಾನ ಅಪ್ಪ ಸಮುದ್ರದಲ್ಲಿದ್ದಾರೆ. ಬೋಟಿನ ತಾಂಡೇಲ ಅವರು. ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು, ಎಲ್ಲ ಅವರೇ ಹೇಳಬೇಕು. ಮನೆಯಲ್ಲಿ ಮಾತ್ರ ಏನೂ ಹೇಳುವುದಿಲ್ಲ. ಮದುವೆಯಾದಾಗಿನಿಂದ ನಾವಿಬ್ಬರೂ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ, ಮಾವಳ್ಳಿಯಿಂದ ಹೊರಟ ಬಸ್ಸು ಮುಂದಿನ ಊರು ಮಂಕಿ ದಾಟುವುದರೊಳಗೆ ಮುಗಿಯುತ್ತದೆ.

ಫೆಬ್ರವರಿ 13, ಗುರುವಾರ

ಅಯ್ಯೋ ದೇವರೇ. ಅಯ್ಯೋ ಅಯ್ಯೋ ದೇವರೇ.

ನನ್ನ ಮಗಳು ಧನ್ಯಾ ಹೊನ್ನಾವರದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಬೆಳಿಗ್ಗೆ ನಾನು ಬಚ್ಚಲಲ್ಲಿ ವಾಂತಿ ಮಾಡುವುದನ್ನು ನೋಡಿ ಸುಮ್ಮನೆ ಹೋದವಳು, ಸಂಜೆ ಬರುವಾಗ ಬಸುರು ನೋಡುವ ಆ ಕಡ್ಡಿ ತಂದಿದ್ದಳು.

"ಮೆಡಿಕಲ್ ಶಾಪಿನವ ನನ್ನ ಒಂದು ನಮೂನೆ ನೋಡಿದ. ಅಮ್ಮನಿಗೆ ಅಂದೆ. ಮತ್ತೂ ಒಂದು ನಮೂನೆ ನೋಡಿದ."

ಎರಡು ಗೆರೆ. ಅಚ್ಚ ಕೆಂಪು, ದಪ್ಪ, ಹೆದ್ದಾರಿ ಮಧ್ಯೆ ಎಳೆದ ಹಾಗೆ ಎರಡು ಗೆರೆ.

ನಾನು ನಕ್ಕೆ. ಧನ್ಯಾ ನಕ್ಕಳು. ಬಚ್ಚಲಲ್ಲಿ ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕದ್ದು ಕೇಳಿ ಅತ್ತೆ ಬಂದರು. ಕಡ್ಡಿ ನೋಡಿದರು. ನನ್ನ ಅತ್ತೆ ತಿಮ್ಮಕ್ಕನೆಂದರೆ ಸಾಮಾನ್ಯವೇ? ಮುರ್ಡೇಶ್ವರದ ಮೀನುಪೇಟೆಯಲ್ಲಿ ಅವರ ಮುಂದೆ ಚೌಕಾಸಿ ಮಾಡಿ ಗೆದ್ದವರಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಕವಳ ಉಗಿದು ಬಂದು ಹೇಳಿದರು, "ನಗೂಕೆ ಎಂತ ಆತು? ನಿನ್ನ ಗಂಡ ನಾಗನ ತಮ್ಮ ಹುಟ್ಟುವಾಗ ನಂಗೂ ನಿನ್ನಷ್ಟೇ ವಯಸ್ಸು."

ಧನ್ಯಾ ಗಂಡಾದರೆ ಅಕ್ಷಯ ಅಂತ ಹೆಸರಿಡೋಣ ಅಂದಳು. ನಾನು ಅವಳ ತಲೆಗೆ ಮೊಟಕಿದೆ. ಹೆಸರು ಚೆನ್ನಾಗಿದೆ.

ಧನ್ಯಾನ ಅಪ್ಪನಿಗೆ ಫೋನು ಹೋಗಲಿಲ್ಲ, ಟವರ್ ಇಲ್ಲ. ಪುಣ್ಯ. ಏನಂತ ಹೇಳುವುದು?

ಫೆಬ್ರವರಿ 21, ಶುಕ್ರವಾರ

ಹೊನ್ನಾವರದ ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತಿನ ಕಥೆ ಯಾರೂ ನಂಬಲಿಕ್ಕಿಲ್ಲ.

ಹೊನ್ನಾವರಕ್ಕೆ ಮೊದಲು ಸಿಗುವ ಕಾಸರಕೋಡ ದಾಟಿ ಶರಾವತಿ ಸೇತುವೆ ಮೇಲಿದ್ದೆವು. ಟಿಕೆಟ್ ಕೊಡುತ್ತಿದ್ದೆ. ಕಾಲಲ್ಲಿ ಬಿಸಿ ಇಳಿಯಿತು. ನೋಡಿದರೆ ಚಪ್ಪಲಿಯೆಲ್ಲ ರಕ್ತ. ಮುಂದಿನ ಸೀಟಿನ ಹೆಂಗಸು ಕಿರುಚಿದಳು. ಮಾಸ್ತಣ್ಣ ತಿರುಗಿ ನೋಡಿದರು. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದ ಬಸ್ಸನ್ನು ಪೂರಾ ಜನರ ಸಮೇತ ನೇರ ಆಸ್ಪತ್ರೆ ಗೇಟಿನೊಳಗೆ ನುಗ್ಗಿಸಿದರು.

ಗೇಟಿನವ ಓಡಿಬಂದ. "ಹೋಯ್, ಬಸ್ಸು ಒಳಗೆ ತರೂಕೆ ಇಲ್ಲ!"

"ಬಸ್ಸಲ್ಲ ಮಾರಾಯ, ಇವತ್ತು ಆಂಬುಲೆನ್ಸು!"

ಒಬ್ಬರೂ ಇಳಿದು ಹೋಗಲಿಲ್ಲವಂತೆ. ನಾಲ್ಕು ಹೆಂಗಸರು ನನ್ನನ್ನು ಎತ್ತಿಕೊಂಡು ಒಳಗೆ ತಂದರು. ಅದರಲ್ಲೊಬ್ಬಳು, ಎತ್ತಿಕೊಂಡೇ, "ನನ್ನ ಗಂಡನ ಟಿಕೆಟಿನ ಚಿಲ್ಲರೆ ಆಮೇಲೆ ಕೊಟ್ರೆ ಆತು" ಅಂದಳು. ಅಷ್ಟು ನೋವಲ್ಲೂ ನಗು ತಡೆಯಲಾಗಲಿಲ್ಲ.

ಸ್ಕ್ಯಾನ್ ಮಾಡಿದರು. ಕೇಬಲ್ ಹೋದಾಗ ಟಿವಿಯಲ್ಲಿ ಬರುತ್ತದಲ್ಲ, ಅಂಥ ಚುಕ್ಕಿ ಚುಕ್ಕಿ. ಡಾಕ್ಟರು ತುಂಬ ಹೊತ್ತು ನೋಡಿ, "ಮಗು ಇಲ್ಲ ಅಮ್ಮ" ಅಂದರು. ಎಲ್ಲಿ ಹೋಯಿತು ಅಂತ ಕೇಳಿದೆ. ಹೋಗಿಲ್ಲ, ಇರಲೇ ಇಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆ ಗುಳ್ಳೆ ಬೆಳೆದಿದೆ. ಮಣಿಪಾಲಕ್ಕೆ ಹೋಗಬೇಕು.

ಅಕ್ಷಯ ಇರಲೇ ಇಲ್ಲ.

ಫೆಬ್ರವರಿ 27, ಗುರುವಾರ

ಮಣಿಪಾಲ. ಒಳಗಿದ್ದದ್ದನ್ನೆಲ್ಲ ತೆಗೆದರು. ಎದ್ದಾಗ ಧನ್ಯಾ ಒಂದು ಕಡೆ, ಅತ್ತೆ ಒಂದು ಕಡೆ.

ಡಾಕ್ಟರ್ ಸುಪ್ರಿಯಾ ಅಂತ, ಸಣ್ಣ ಪ್ರಾಯದವರು. ಮಂಚದ ತುದಿಗೆ ಕೂತು ಬಿಡಿಸಿ ಹೇಳಿದರು. ಮಗುವಾಗಬೇಕಾದ್ದು ಮಗುವಾಗದೆ ಬರೀ ಮಾಸು ಬೆಳೆದುಬಿಟ್ಟಿದೆ. ಮೈಗೆ ಮಾತ್ರ ಅದು ಗೊತ್ತಿಲ್ಲ, ಬಸುರಿ ಎಂದೇ ತಿಳಿದಿದೆ. ಬಸುರಿನ ಹಾರ್ಮೋನು ರಕ್ತದಲ್ಲಿ ಲಕ್ಷಗಟ್ಟಲೆ ಇದೆ. ಅದು ಪೂರಾ ಇಳಿಯುವ ತನಕ ವಾರವಾರ ರಕ್ತ ನೋಡಬೇಕು, ಅಲ್ಲಿಯವರೆಗೆ ಇನ್ನೊಂದು ಬಸುರು ನಿಲ್ಲಬಾರದು.

"ಯಾರ ಮನೆ ಬೈಗುಳವೇ ಇದು?" ಅಂತ ಅತ್ತೆ ಮೆಲ್ಲಗೆ ಕೇಳಿದರು.

"ಯಾರ ಬೈಗುಳವೂ ಅಲ್ಲ ಅಜ್ಜಿ. ಬೀಜ ಕೂಡುವಾಗಲೇ ತಪ್ಪಿದ್ದು" ಅಂದರು ಡಾಕ್ಟರು.

ನಾನು ಒಣಮೀನಿನ ಅಜ್ಜಿಯ ವಿಚಾರ ಬಾಯಿ ಬಿಡಲಿಲ್ಲ.

ಸಂಜೆ ಧನ್ಯಾನ ಅಪ್ಪ ಫೋನು ಮಾಡಿದರು. "ಹೌದಾ" ಅಂದರು. ಹಿಂದೆ ಎಂಜಿನ್ನಿನ ಸದ್ದು. ಮತ್ತೆ "ಊಟ ಆತಾ?" ಅಂದರು. ಅಷ್ಟೇ.

ಮಾರ್ಚ್ 25, ಮಂಗಳವಾರ

ಲಕ್ಷ ಹೋಗಿ ಸಾವಿರ, ಸಾವಿರ ಹೋಗಿ ನೂರು! ಭಟ್ಕಳದ ಲ್ಯಾಬಿನ ಹುಡುಗಿ ಈಗ ನನ್ನನ್ನು ಕಂಡ ಕೂಡಲೇ "ಅಕ್ಕಾ, ಇಳಿದಿದೆ" ಅಂತ ದೂರದಿಂದಲೇ ಕೂಗುತ್ತಾಳೆ. ಡ್ಯೂಟಿಗೆ ಮರಳಿದೆ. ಮಾಸ್ತಣ್ಣ ನನ್ನ ಸೀಟಿನ ಮೇಲೆ ಹೊಸ ಟವೆಲ್ ಹಾಸಿ ಇಟ್ಟಿದ್ದರು. ಹಳೇ ಪ್ಯಾಸೆಂಜರುಗಳೆಲ್ಲ ಕೇಳುವವರೇ. ಎಲ್ಲರಿಗೂ ಗ್ಯಾಸ್ ಟ್ರಬಲ್ ಅಂದೆ. ಅಷ್ಟು ದೊಡ್ಡ ಗ್ಯಾಸ್ ಟ್ರಬಲ್ ಈ ಜಿಲ್ಲೆಯಲ್ಲಿ ಯಾರಿಗೂ ಆಗಿರಲಿಕ್ಕಿಲ್ಲ.

ಇವತ್ತು ಬಂಗಡೆ ಹುಳಿ ಮಾಡಿ ಮೂರು ಸಲ ಬಡಿಸಿಕೊಂಡೆ. ವಾಸನೆ ಎಷ್ಟು ಚೆಂದ!

ಏಪ್ರಿಲ್ 22, ಮಂಗಳವಾರ

ಲ್ಯಾಬಿನ ಹುಡುಗಿ ಇವತ್ತು ಕೂಗಲಿಲ್ಲ. ಕಾಗದ ಕೊಟ್ಟು ಒಳಗೆ ಹೋದಳು. ಹೋದ ವಾರಕ್ಕಿಂತ ಹೆಚ್ಚು. ಅದರ ಹಿಂದಿನ ವಾರವೂ ಸ್ವಲ್ಪ ಹೆಚ್ಚೇ ಇತ್ತು, ನಾನು ಯಾರಿಗೂ ಹೇಳಿರಲಿಲ್ಲ.

ಕುಮಟೆಯಲ್ಲಿ ಹಾಲ್ಟ್ ಇದ್ದಾಗ ಮೆಡಿಕಲಿಗೆ ಹೋಗಿ ಕಡ್ಡಿ ತಂದು ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ನೋಡಿದೆ. ಎರಡು ಗೆರೆ. ಒಳಗೆ ಯಾರೂ ಇಲ್ಲ, ಆದರೂ ಬಸುರಿ. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ. ಜೋರು ನಗು ಬಂತು. ಕಬ್ಬಿನ ಗಾಡಿಯವನು ನನ್ನನ್ನು ನೋಡಿ ತಾನೂ ನಕ್ಕ. ಪಾಪ.

ಏಪ್ರಿಲ್ 28, ಸೋಮವಾರ

ಕ್ಯಾನ್ಸರ್.

ಬರೆದೆ. ಬರೆದರೆ ಏನೂ ಆಗುವುದಿಲ್ಲ, ನೋಡು.

ತೆಗೆದ ಮೇಲೆ ಗರ್ಭಕೋಶದ ಗೋಡೆಯಲ್ಲಿ ಉಳಿದ ಚೂರು ಕೆಟ್ಟುಹೋಗಿ ಬೆಳೆಯುತ್ತಿದೆ. ಶ್ವಾಸಕೋಶಕ್ಕೂ ಹಾರಿ ಎರಡು ಸಣ್ಣ ಚುಕ್ಕಿ ಆಗಿದೆ. ಡಾಕ್ಟರ್ ಸುಪ್ರಿಯಾ ಹೇಳಿದರು, "ಇದು ಬಹಳ ಅಪರೂಪದ್ದು ಸುಚಿತಾ. ಆದರೆ ಔಷಧಿಯ ಮಾತು ಕೇಳುವ ಕ್ಯಾನ್ಸರ್ ಯಾವುದಾದರೂ ಇದ್ದರೆ ಅದು ಇದೇ."

"ಗರ್ಭಕೋಶ ತೆಗೆದು ಬಿಸಾಡಿದ್ರೆ ಆಗ್ತಿಲ್ವಾ?" ಅಂದರು ಅತ್ತೆ.

"ಈಗಾಗಲೇ ಮೇಲೆ ಹೋಗಿದೆಯಲ್ಲ ಅಜ್ಜಿ. ರಕ್ತದಲ್ಲಿ ತಿರುಗಾಡಿ ಎಲ್ಲ ಕಡೆ ಹುಡುಕುವ ಮದ್ದೇ ಬೇಕು."

ಆಗ ಹೊರಗೆ ಗಲಾಟೆ. ಸೆಕ್ಯುರಿಟಿಯವನ ದನಿ. "ಹೀಗೆಲ್ಲ ಒಳಗೆ ಹೋಗೂಕಾಗುದಿಲ್ಲ!" ಬಾಗಿಲು ತೆಗೆದರೆ ಧನ್ಯಾನ ಅಪ್ಪ! ಮೊಣಕಾಲಿಗೆ ಕಟ್ಟಿದ ಲುಂಗಿ, ಬನಿಯನ್ನು, ಮೈಮೇಲೆಲ್ಲ ಮೀನಿನ ಹುರುಪೆ ಹೊಳೆಯುತ್ತಿದೆ. ಬೆಳಿಗ್ಗೆ ಧನ್ಯಾ ಫೋನಿನಲ್ಲಿ ಅತ್ತಳಂತೆ. ಬಲೆ ಎತ್ತಿಸಿ, ನಮ್ಮ ಊರಿನ ಬೋಟನ್ನು ಮಲ್ಪೆ ಬಂದರಿಗೆ ತಂದು, ಅಲ್ಲಿಂದ ರಿಕ್ಷಾದಲ್ಲಿ ಹಾಗೇ ಬಂದುಬಿಟ್ಟಿದ್ದಾರೆ. ಕಾರಿಡಾರಿನಲ್ಲಿ ಜನ ಮೂಗು ಮುಚ್ಚಿಕೊಂಡು ಎರಡು ಸಾಲಾಗಿ ಸರಿದು ದಾರಿ ಬಿಟ್ಟಿದ್ದರು, ಮಂತ್ರಿ ಬಂದ ಹಾಗೆ.

ಡಾಕ್ಟರು ಮೊದಲಿನಿಂದ ಎಲ್ಲ ಮತ್ತೆ ಹೇಳಿದರು. ಕೊನೆಗೆ, "ಚಿಕಿತ್ಸೆ ಮುಗಿದು ಒಂದು ವರ್ಷ ಕಳೆಯುವ ತನಕ ಬಸುರು ನಿಲ್ಲದ ಹಾಗೆ ಇಬ್ಬರೂ ನೋಡಿಕೊಳ್ಳಬೇಕು" ಅಂದರು. ಧನ್ಯಾನ ಅಪ್ಪ ತಲೆ ಎತ್ತಿ ಫ್ಯಾನ್ ನೋಡತೊಡಗಿದರು. ಅತ್ತೆಯೂ ಫ್ಯಾನ್ ನೋಡಿದರು, ಆಮೇಲೆ ಧನ್ಯಾ, ಆಮೇಲೆ ನಾನು. ನಾಲ್ಕು ಜನ ಫ್ಯಾನ್ ನೋಡುವುದನ್ನು ಕಂಡು ಡಾಕ್ಟರೂ ನೋಡಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಅವರು ಪಕ್ಕದಲ್ಲೇ ಕೂತರು. ಕುಂದಾಪುರ ದಾಟಿದ ಮೇಲೆ ನೋಡುತ್ತೇನೆ, ನನ್ನ ಸೆರಗಿನ ತುದಿ ಅವರ ಮುಷ್ಟಿಯಲ್ಲಿದೆ. ನಿದ್ದೆ ಬಂದಿತ್ತು ಅಂತ ಕಾಣುತ್ತದೆ, ಗೊತ್ತಾಗದೆ ಹಿಡಿದದ್ದು.

ಮೇ 19, ಸೋಮವಾರ

ಸೂಜಿ ಶುರುವಾಗಿದೆ. ಒಂದು ದಿನ ಸೂಜಿ, ಮರುದಿನ ಅದರ ವಿಷ ಇಳಿಸುವ ಮಾತ್ರೆ, ಮತ್ತೆ ಸೂಜಿ. ಬಾಯಿ ತುಂಬ ಹುಣ್ಣು. ಖಾರ ಮುಟ್ಟುವ ಹಾಗಿಲ್ಲ. ಮೆಣಸಿಲ್ಲದ ಮೀನುಸಾರು ಮಾಡಿಕೊಟ್ಟರು ಅತ್ತೆ. ತಿಂದೆ. ಅದರ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಅತ್ತೆ ನನ್ನ ಸಲುವಾಗಿ ಹರಕೆ ಹೊತ್ತು ಕವಳ ಬಿಟ್ಟಿದ್ದಾರೆ. ಅದರ ಪರಿಣಾಮ ಮನೆಯವರೆಲ್ಲ ಅನುಭವಿಸುತ್ತಿದ್ದೇವೆ. ನಿನ್ನೆ ಕೋಳಿಗೆ ಬೈದರು, ಇವತ್ತು ಗ್ಯಾಸ್ ಸಿಲಿಂಡರಿಗೆ.

ಜೂನ್ 3, ಮಂಗಳವಾರ

ಮಳೆಗಾಲದ ಮೀನುಗಾರಿಕೆ ಬಂದ್ ಶುರು. ಬೋಟು ದಡಕ್ಕೆ ಎಳೆದರು. ಧನ್ಯಾನ ಅಪ್ಪ ಇನ್ನು ಜುಲೈ ಮುಗಿಯುವ ತನಕ ಮನೆಯಲ್ಲೇ. ಪ್ರತಿ ವರ್ಷವೂ ಇರುತ್ತಾರೆ, ನಾನು ಡ್ಯೂಟಿಗೆ ಹೋಗುವುದರಿಂದ ಗೊತ್ತಾಗುತ್ತಿರಲಿಲ್ಲ. ಈಗ ನಾನೂ ಮನೆಯಲ್ಲಿ, ಅವರೂ ಮನೆಯಲ್ಲಿ. ಎತ್ತ ತಿರುಗಿದರೂ ಈ ಆರಡಿ ಮನುಷ್ಯ.

ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೋಟಿನ ಪದ್ಧತಿಯಲ್ಲಿ ಜೋಡಿಸಿದ್ದಾರೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಎಲ್ಲಕ್ಕೂ ಹಗ್ಗ. ಸಾಸಿವೆ ಬೇಕಾದರೆ ಎರಡು ಗಂಟು ಬಿಚ್ಚಬೇಕು.

"ಮನೆ ಎಂತ ಅಲ್ಲಾಡ್ತದಾ?" ಅಂತ ಕೇಳಿದೆ.

"ಹೇಳೂಕೆ ಬರುದಿಲ್ಲ" ಅಂದರು. ನಗಲೂ ಇಲ್ಲ.

ಜೂನ್ 17, ಮಂಗಳವಾರ

ರೈಲಿನಲ್ಲಿ ಮಣಿಪಾಲಕ್ಕೆ ಹೋಗಿ ಬಂದೆವು, ನಾನೂ ಇವರೂ. ಹೋಗುವಾಗ ನನಗೆ ಭಯವಾಗಿತ್ತು. ಇವರಿಗೆ ಅದು ಹೇಗೆ ಗೊತ್ತಾಯಿತೋ, ಇದ್ದಕ್ಕಿದ್ದಂತೆ ಮಾತು ಶುರು ಮಾಡಿದರು.

ಸಮುದ್ರದ ಮಾತು. ತಾರ್ಲೆ ಮೀನಿನ ಹಿಂಡು ಬಂದರೆ ನೀರು ಹಸಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದಂತೆ. ಒಂದು ಸಲ ಸಮುದ್ರದ ನಡುವಿನ ನೇತ್ರಾಣಿ ಗುಡ್ಡದ ಹತ್ತಿರ ತಿಮಿಂಗಿಲವೊಂದು ಬೋಟಿಗೆ ಬೆನ್ನು ತಿಕ್ಕಿಕೊಂಡಿತಂತೆ, ಹಟ್ಟಿಯ ದನದ ಹಾಗೆ. ಬೋಟಿನಲ್ಲಿದ್ದ ಕುಪ್ಪ ಹೆದರಿ ಅದಕ್ಕೆ ಕೈ ಮುಗಿದು, "ಅಣ್ಣಾ, ನಂಗೆ ಇನ್ನೂ ಮದುವೆ ಆಗಿಲ್ಲ" ಅಂದನಂತೆ!

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗಲೂ ಹೇಳುತ್ತಲೇ ಇದ್ದರು. ಪಕ್ಕದ ಮಂಚದ ಹೆಂಗಸು ಮಗ್ಗುಲು ತಿರುಗಿ ಕೇಳತೊಡಗಿದಳು. ಅವಳ ಆಚೆಯವಳು "ಜೋರಾಗಿ ಹೇಳಿ ಅಣ್ಣಾ" ಅಂದಳು. ಕೊನೆಗೆ ನರ್ಸು ಕೂಡ ಟ್ರೇ ಹಿಡಿದು ನಿಂತಿದ್ದಳು, ತಿಮಿಂಗಿಲ ಹೋಗುವ ತನಕ.

ಈ ಮನುಷ್ಯ ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದರು? ಬರುವಾಗ ಕೇಳಿದೆ.

"ನೀ ಬಸ್ಸಿನ ಕಥೆ ಹೇಳ್ತಿದ್ದೆ ಅಲ್ದಾ. ಅದೇ ಲಾಯಕ್ಕಿತ್ತು. ಕೇಳ್ತಿದ್ದೆ" ಅಂದರು.

ಕೇಳುತ್ತಿದ್ದರಂತೆ! ಗೋಡೆ ಕಡೆ ತಿರುಗಿ ಮಲಗಿ!

ಜುಲೈ 9, ಬುಧವಾರ

ಇಳಿಯುವುದು ನಿಂತಿದೆ. ಮೂರು ವಾರದಿಂದ ಸಂಖ್ಯೆ ಅಲ್ಲೇ ಕೂತಿದೆ. ಮೊದಲಿನ ಮದ್ದಿಗೆ ಇನ್ನು ಬಗ್ಗುವುದಿಲ್ಲವಂತೆ. ಐದು ಬಗೆ ಔಷಧಿ ಸೇರಿಸಿ ಕೊಡುತ್ತಾರೆ. ಕೂದಲು ಹೋಗುತ್ತದೆ.

ಡಾಕ್ಟರ್ ಸುಪ್ರಿಯಾ, "ನಿಮಗೆ ವಾಸಿಯಾಗುತ್ತದೆ ಅಂತಲೇ ನಾನು ಲೆಕ್ಕ ಹಾಕಿದ್ದೇನೆ" ಅಂದರು. ಹೊರಗೆ ಬಂದೆವು. ಜೋರು ಮಳೆ. ಇವರು ಕೊಡೆ ಬಿಡಿಸಿದರು. ನಾನು ಅದರ ಕೆಳಗೆ ನಿಂತು ಅತ್ತುಬಿಟ್ಟೆ. ಇವರು ಕೊಡೆಯನ್ನು ಸ್ವಲ್ಪ ತಗ್ಗಿಸಿದರು, ಯಾರಿಗೂ ಕಾಣದ ಹಾಗೆ.

ಇಷ್ಟೇ ಇವತ್ತು.

ಜುಲೈ 24, ಗುರುವಾರ

ಈ ಐದರ ಜೊತೆ ವಾಂತಿ ತಡೆಯಲಿಕ್ಕೆ ಒಂದು ಸ್ಟೆರಾಯ್ಡ್ ಕೊಡುತ್ತಾರೆ. ಅಬ್ಬಬ್ಬಬ್ಬ! ಅದು ಔಷಧಿಯಲ್ಲ, ಡೀಸೆಲ್. ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸ: ಎಲ್ಲ ಚಾದರ ಒಗೆದೆ, ಮಳೆಯಲ್ಲಿ ಒಣಗಲಿಲ್ಲ, ಮತ್ತೆ ಒಗೆದೆ. ಕೋಳಿಗೂಡಿಗೆ ಬಣ್ಣ ಹಚ್ಚಿದೆ. ಧನ್ಯಾನ ಕೆಮಿಸ್ಟ್ರಿ ಪುಸ್ತಕ ತೆಗೆದು ನನಗೆ ಗೊತ್ತಿಲ್ಲದ್ದನ್ನು ಅವಳಿಗೆ ಕಲಿಸಿದೆ. ಡಿಪೋ ಮ್ಯಾನೇಜರಿಗೆ ಫೋನು ಮಾಡಿ, ಶಿರಾಲಿ ಸ್ಟಾಪನ್ನು ಎಲ್ಲಿಗೆ ಸರಿಸಬೇಕು ಅಂತ ಸಲಹೆ ಕೊಟ್ಟೆ. ಅವರು ಆಗಲಮ್ಮ ಆಗಲಮ್ಮ ಅಂದರು. ಅತ್ತೆ ಕಂಬ ಹಿಡಿದು ನೋಡುತ್ತಿದ್ದವರು, "ನಾಗಾ, ಇವಳಿಗೆ ಎಂತ ಕೊಟ್ಟಿದ್ದಾರೆ ಅಂತ ಕೇಳು. ನಂಗೂ ಒಂದು ತಕಂಡು ಬಾ" ಅಂದರು.

ಮಧ್ಯಾಹ್ನ ತಲೆ ಬಾಚಿದರೆ ಹಣಿಗೆ ತುಂಬ ಬಂತು. ಮತ್ತೆ ಬಾಚಿದೆ, ಮತ್ತೆ ಬಂತು. ಇವರು ಚಾವಡಿಯಲ್ಲಿ ಬಲೆ ಹೆಣೆಯುತ್ತಿದ್ದರು. ಹೋಗಿ ಎದುರಿಗೆ ಕೂತೆ. "ಕತ್ತರಿಸಿಬಿಡಿ" ಅಂದೆ.

ಬಲೆ ಕತ್ತರಿ ತೊಳೆದು ತಂದರು. ಎಷ್ಟು ಹಗುರ ಕೈ! ಅಷ್ಟು ದೊಡ್ಡ ಕೈಗೆ ಅಷ್ಟು ಹಗುರ ಹೇಗೆ ಬರುತ್ತದೆ? ಒಂದೊಂದೇ ಎಳೆ ಎತ್ತಿ, ಹರಿದ ಬಲೆಯ ಕಣ್ಣು ಬಿಡಿಸುವ ಹಾಗೆ. ಕೊನೆಗೆ ಅಂಗೈಯಿಂದ ನೆತ್ತಿ ಸವರಿ, "ಚೆಂದ ಅದೆ" ಅಂದರು.

"ಎಂತ ಚೆಂದ?"

"ತಲೆ. ಉರುಟು ಅದೆ. ಇಷ್ಟು ದಿನ ಕಾಣ್ತಿರಲಿಲ್ಲ."

ಕನ್ನಡಿ ನೋಡಿದೆ. ಉರುಟು ಹೌದು. ಎಳನೀರಿನ ಹಾಗಿದ್ದೇನೆ. ಅವರು ಮುಟ್ಟಿದ ಜಾಗ ಸಂಜೆಯ ತನಕ ಬೆಚ್ಚಗಿತ್ತು. ಸ್ಟೆರಾಯ್ಡಿನದೇ ಇರಬೇಕು.

ಆಗಸ್ಟ್ 1, ಶುಕ್ರವಾರ

ಬಂದ್ ಮುಗಿಯಿತು. ಹೋಗುವುದಿಲ್ಲ ಅಂತ ಕೂತರು. ತಾಂಡೇಲ ಹೋಗದಿದ್ದರೆ ಬೋಟು ಹೋಗುವುದಿಲ್ಲ. ಬೋಟಿನ ಧಣಿ ಎರಡು ಸಲ ಬಂದು ಅಂಗಳದಲ್ಲಿ ನಿಂತು ಕೆಮ್ಮಿದರು.

"ನನ್ನ ಜೊತೆ ಆಸ್ಪತ್ರೆಗೆ ಧನ್ಯಾ ಬರ್ತಾಳೆ. ನೀವು ಹೋಗಿ" ಅಂದೆ.

"ನಿಂಗೆ ಹೆದರಿಕೆ ಆದ್ರೆ?"

"ಆದ್ರೆ ಆತು. ನೀವಿಲ್ಲಿ ಕೂತ್ರೆ ಸಾಸಿವೆ ಡಬ್ಬಿಗೆ ಮೂರನೇ ಗಂಟು ಹಾಕ್ತೀರಿ."

ನಕ್ಕರು. ನಾಗ ನಕ್ಕರೆ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಅತ್ತೆಯನ್ನು ಕೇಳಿದೆ, ಯಾವಾಗಿನಿಂದ ಇದು? ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಹುಟ್ಟಿದಾಗಿಂದ" ಅಂದರು.

ಹೋದರು. ಮನೆ ಭಣಭಣ ಅನ್ನುತ್ತಿದೆ.

ಆಗಸ್ಟ್ 11, ಸೋಮವಾರ

ನಾಗ ಫೋನು ಮಾಡಿದ. ಟವರ್ ಸಿಗುವ ಜಾಗಕ್ಕೆ ಬಂದಾಗಲೆಲ್ಲ ಮಾಡುತ್ತಾನೆ. ಇವತ್ತು ಬೆಳಿಗ್ಗೆ ಡಾಲ್ಫಿನ್ ಕಂಡದ್ದು ಹೇಳಿದ. ನಾನು ಹೊಸ ಸಂಖ್ಯೆ ಹೇಳಿದೆ: ನೂರರ ಕೆಳಗೆ! ಅವನು ಅಲ್ಲಿಂದ, "ಹೋಯ್, ಕೆಳಗೆ ಬಂತ್ರೋ!" ಅಂತ ಬೋಟಿನವರಿಗೆಲ್ಲ ಕೂಗಿದ್ದು ಕೇಳಿಸಿತು. ಆಮೇಲೆ ಎಂತೆಂತದೋ ಮಾತು. ನಾನು ಬಾಗಿಲ ಹಿಂದೆ ನಿಂತು ಬೆರಳಿಗೆ ಸೆರಗು ಸುತ್ತುತ್ತಾ ಮಾತಾಡುತ್ತಿದ್ದೆನಂತೆ. ಧನ್ಯಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಅಮ್ಮಾ, ಯಾರದು ಫೋನು ಇಷ್ಟೊತ್ತು?"

"ನಿನ್ನ ಅಪ್ಪಂದು."

"ಹೌದಾ? ನಂಗೆ ಬೇರೆ ಅನುಮಾನ ಬಂದಿತ್ತು."

ಈಗಿನ ಮಕ್ಕಳಿಗೆ ಭಯವೇ ಇಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಬಂತು ಬಂತು ಬಂತು!

ಬೆಳಿಗ್ಗೆ ಡಾಕ್ಟರ್ ಸುಪ್ರಿಯಾ ಅವರೇ ಫೋನು ಮಾಡಿದರು. ನಾರ್ಮಲ್! ರಕ್ತದಲ್ಲಿ ಬಸುರಿನ ಗುರುತೇ ಇಲ್ಲ. ಇನ್ನು ಮೂರು ಸುತ್ತು ಔಷಧಿ ಕೊಡಲೇಬೇಕು, ಕಣ್ಣಿಗೆ ಕಾಣದ್ದು ಉಳಿದಿರಬಾರದಲ್ಲ. ಆದರೆ ನಾರ್ಮಲ್!

ಅತ್ತೆ ಕುಣಿದರು. ಎಪ್ಪತ್ತರ ತಿಮ್ಮಕ್ಕ ಅಂಗಳದಲ್ಲಿ ಕೈ ಮೇಲೆತ್ತಿ ಕುಣಿದದ್ದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಕೂತು ಒಂದರ ಮೇಲೊಂದು ಮೂರು ಕವಳ ಹಾಕಿದರು. ಬಾಯಿ ತುಂಬಿ ಮಾತು ಹೊರಡದೆ ಕಣ್ಣಲ್ಲೇ ಅತ್ತರು.

ನಾಗನಿಗೆ ಹೇಳಬೇಕು. ಫೋನು ಹೋಗುವುದಿಲ್ಲ. ಒಂದು ತಾಸು ಕಾದೆ. ಆಮೇಲೆ ತಲೆಗೆ ಧನ್ಯಾನ ವೇಲು ಸುತ್ತಿ, ಅವಳನ್ನು ಎಳೆದುಕೊಂಡು ಭಟ್ಕಳ ಬಂದರಿಗೆ ಹೋದೆ. ಅಲ್ಲಿ ಕಟ್ಟಿದ್ದ ಬೋಟಿನಲ್ಲಿ ಬೊಮ್ಮ ಇದ್ದ, ನಾಗನ ಗೆಳೆಯ.

"ಬೊಮ್ಮಣ್ಣಾ, ವೈರ್‌ಲೆಸ್ಸಲ್ಲಿ ನಾಗ ಸಿಗ್ತನಾ?"

ಬೊಮ್ಮ ಏನೇನೋ ತಿರುಗಿಸಿದ. ಗರಗರ ಸದ್ದು. ಅದರ ಮಧ್ಯೆ ನಾಗನ ದನಿ, "ಯಾರದು? ಎಂತ ಆತು?" ಆ ದನಿಯಲ್ಲಿದ್ದ ಹೆದರಿಕೆ ಕೇಳಿ ನನಗೆ ತಡೆಯಲಾಗಲಿಲ್ಲ. ಬೊಮ್ಮನ ಕೈಯಿಂದ ಕಸಿದುಕೊಂಡೆ. ಅದರಲ್ಲಿ ಆಡಿದ್ದು ಸುತ್ತಲಿನ ಎಲ್ಲ ಬೋಟಿಗೂ ಕೇಳುತ್ತದೆ ಅಂತ ನನಗೇನು ಗೊತ್ತು? ಮೊದಲೇ ನನ್ನದು ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಗಂಟಲು. ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದೆ:

"ನಾಗಾ! ನಾ ಬಸುರಿ ಅಲ್ಲಾ!"

ಗರಗರ. ಒಂದು ಕ್ಷಣ ಇಡೀ ಅರಬ್ಬಿ ಸಮುದ್ರ ಸುಮ್ಮನಾಯಿತು. ಆಮೇಲೆ ಯಾರೋ ಗೊತ್ತಿಲ್ಲದ ಬೋಟಿನವ, "ಯಾರ ಹೆಂಡ್ತಿ ಮಾರ್ರೆ ಅದು?" ಅಂದ. ಇನ್ನೊಬ್ಬ, "ತಾಂಡೇಲ್ ನಾಗಂದು! ಎಂತ ಕಷ್ಟವೋ ಪಾಪ!" ಮತ್ತೊಬ್ಬ ಕೊಂಕಣಿಯಲ್ಲಿ ಏನೋ ಅಂದು ಹೋ ಎಂದು ನಕ್ಕ. ಆ ಎಲ್ಲ ನಗೆಯ ಮಧ್ಯೆ ಒಂದು ದನಿ ಮಾತ್ರ ನಗಲಿಲ್ಲ. "ಸುಚೀ," ಅಂದ. "ಸುಚೀ. ಖರೇನಾ?"

"ಖರೇ."

ಅಳುತ್ತಿದ್ದ. ಎಲ್ಲ ಬೋಟಿಗೂ ಕೇಳುವ ಹಾಗೆ.

ಅಕ್ಟೋಬರ್ 17, ಶುಕ್ರವಾರ

ಕೊನೆಯ ಬಾಟಲಿ ಇಳಿಯಿತು. ನರ್ಸು ಸೂಜಿ ತೆಗೆದು ಹತ್ತಿ ಒತ್ತಿದಾಗ, "ಇನ್ನು ಬರಬೇಡಿ" ಅಂದಳು. ಪರೀಕ್ಷೆಗೆ ಮಾತ್ರ ಬರುತ್ತಿರಬೇಕು. ಶ್ವಾಸಕೋಶದ ಚುಕ್ಕಿ ಮಾಸಿದೆ. ಡಾಕ್ಟರ್ ಸುಪ್ರಿಯಾರಿಗೆ ದೊಡ್ಡ ಇಸೋಣ ಮೀನು ತಂದಿದ್ದ ನಾಗ. ಅವರು ಕೈ ಜೋಡಿಸಿ, ನಾನು ಸಸ್ಯಾಹಾರಿ ಅಂದರು. ನಾಗನ ಮುಖ ನೋಡಲಾಗಲಿಲ್ಲ. ಕೊನೆಗೆ ಮೀನು ಆ ಸೆಕ್ಯುರಿಟಿಯವನ ಪಾಲಾಯಿತು. ಎರಡೂ ಕೈಯಲ್ಲಿ ಹಿಡಿದು, "ಯಾವಾಗ ಬೇಕಾದ್ರೂ ಬನ್ನಿ ಅಣ್ಣಾ, ಹೇಗೆ ಬೇಕಾದ್ರೂ ಬನ್ನಿ" ಅಂದ.

ಮೈಯಲ್ಲಿ ಶಕ್ತಿ ಇಲ್ಲ. ಮೆಟ್ಟಿಲು ಇಳಿಯಲಾಗಲಿಲ್ಲ, ನಾಗ ತೋಳು ಹಿಡಿದು ಇಳಿಸಿದ. ಯಾರಾದರೂ ನನ್ನನ್ನು ಹಿಡಿದುಕೊಂಡರೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು.

ನವೆಂಬರ್ 24, ಸೋಮವಾರ

ಡ್ಯೂಟಿಗೆ ಸೇರಿ ಒಂದು ವಾರ. ಕೂದಲು ಅರ್ಧ ಬೆರಳಷ್ಟು ಬಂದಿದೆ, ಗುಂಗುರು ಗುಂಗುರು. ಹಳೇ ಪ್ಯಾಸೆಂಜರುಗಳು ಗುರುತು ಹಿಡಿಯದೆ "ಹೊಸ ಕಂಡಕ್ಟರಾ?" ಅನ್ನುತ್ತಾರೆ. ಹೌದು ಅನ್ನುತ್ತೇನೆ.

ಇವತ್ತು ಗಾಳಿ ಜೋರು, ಸಮುದ್ರಕ್ಕೆ ಇಳಿಯಬೇಡಿ ಅಂತ ಹೇಳಿದ್ದಾರೆ. ಹೊನ್ನಾವರ ಸ್ಟ್ಯಾಂಡಿನಲ್ಲಿ ಬಸ್ಸು ತುಂಬಿತು. ಹೆಂಗಸರಿಗೆಲ್ಲ ಫ್ರೀ ಟಿಕೆಟ್ ಕೊಟ್ಟು ಮುಗಿಸಿ ಹಿಂದೆ ಹೋದೆ. ತಲೆ ಎತ್ತದೆ "ಟಿಕೆಟ್" ಅಂದೆ.

"ಒಂದು ಕುಮಟಾ."

ಆ ದನಿ! ಕಿಟಕಿ ಪಕ್ಕ, ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ನೀಟಾಗಿ ಬಾಚಿ, ನಾಗ!

"ಕುಮಟೆಯಲ್ಲಿ ಎಂತ ಕೆಲಸ?"

"ಎಂತ ಇಲ್ಲ."

"ಮತ್ತೆ?"

"ಗಾಳಿಗೆ ಬೋಟು ಕಾಸರಕೋಡಲ್ಲಿ ಕಟ್ಟಿದ್ದು. ನಿನ್ನ ಬಸ್ಸು ಬರೂ ಹೊತ್ತಾತು ಅಂತ..." ಅಂದು ಕಿಟಕಿಯ ಹೊರಗೆ ನೋಡಿದ.

ಪಕ್ಕದಲ್ಲಿದ್ದ ಅಜ್ಜಿ ನಮ್ಮಿಬ್ಬರನ್ನೂ ನೋಡಿ, "ಯ್ಯಾರೇ ಇವ?" ಅಂದಳು.

"ಗಂಡ, ಅಜ್ಜಿ."

"ಗಂಡನ ಹತ್ರ ದುಡ್ಡು ತಕಂತ್ಯನೇ?"

"ಗಂಡಸ್ರಿಗೆ ಫ್ರೀ ಇಲ್ಲ ಅಜ್ಜಿ, ನಾ ಎಂತ ಮಾಡೂದು!"

ಬಸ್ಸೆಲ್ಲ ನಕ್ಕಿತು. ಟಿಕೆಟ್ ಕೊಟ್ಟೆ. ಕೊಟ್ಟ ಮೇಲೂ ಅಲ್ಲೇ ನಿಂತಿದ್ದೆನಂತೆ. ಕರ್ಕಿಯಲ್ಲಿ ಇಳಿಯುವವರು ಬೊಬ್ಬೆ ಹೊಡೆದರು. ಮಾಸ್ತಣ್ಣ ಬ್ರೇಕ್ ಹಾಕಿ, "ಹೋಯ್ ಕಂಡಕ್ಟರೇ! ಸೀಟಿ ಊದೂಕೆ ಮರೆತ್ಯನೇ? ಕರ್ಕಿ ಹಿಂದೆ ಹೋತು!" ಅಂದರು. ಇಳಿದವರೂ ಬೈಯುತ್ತಾ ಬೈಯುತ್ತಾ ನಗುತ್ತಿದ್ದರು.

ಕುಮಟೆಯಲ್ಲಿ ಇಬ್ಬರೂ ಚಾ ಕುಡಿದೆವು, ಬನ್ಸ್ ತಿಂದೆವು. ಬಸ್ಸು ತಿರುಗಿದಾಗ ಅವನೂ ಮತ್ತೆ ಹತ್ತಿದ. "ಒಂದು ಹೊನ್ನಾವರ" ಅಂದ. ಕೊಟ್ಟೆ.

ಹೊನ್ನಾವರ ಬಂತು. "ಇಳೀರಿ, ಬೋಟು ಕಾಯ್ತದೆ" ಅಂದೆ. ಗಾಳಿ ಇನ್ನೂ ನಿಂತಿಲ್ಲ ಅಂದ. ನೋಡಿದರೆ ಬಸ್‌ಸ್ಟ್ಯಾಂಡಿನ ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ನಾನು ಮಿಷನ್ನು ಒತ್ತಿ ನಮ್ಮೂರಿಗೆ ಇನ್ನೊಂದು ಟಿಕೆಟ್ ತೆಗೆದು ಅವನ ಕೈಗಿಟ್ಟೆ. ಮಾವಳ್ಳಿ, ಒಂದು.